ಗೋಡೆ ಮುಚ್ಚುವ ಮೊದಲು

ಹಳೇ ಮನೆ, ಒಳಗೆ ಮೂರು ಬಾಡಿಗೆ ಮನೆ. ರಿಪೇರಿಗೆ ಕೈಹಾಕುವ ಮೊದಲು ನಗರದ ಕಟ್ಟಡ ವಿಭಾಗಕ್ಕೆ ಹೋಗಿ ಆ ವಿಳಾಸದ ಹಳೇ ಫೈಲ್ ತೆಗೆಸಿ ನೋಡಿದೆ. ಕಾಗದದಲ್ಲಿ ಇದ್ದದ್ದು ಎರಡೇ. ಮೂರನೆಯದನ್ನು ಹಿಂದೆ ಯಾರೋ ಒಂದು ಸಿಂಕ್, ಒಂದು ಬಾಗಿಲು ಕೂರಿಸಿ ಸುಮ್ನೆ ಮಾಡಿಕೊಂಡಿದ್ದರು.

ಎಲ್ಲ ಲೆಕ್ಕವೂ ಇಲ್ಲಿಂದಲೇ ಶುರು. ಕಟ್ಟಿದ ಕಾಲದ ನಿಯಮಕ್ಕೆ ಸರಿಯಾಗಿದ್ದ ಭಾಗವನ್ನು ನಾವು ಮುಟ್ಟದಿದ್ದರೆ ಸಾಮಾನ್ಯವಾಗಿ ಹಾಗೇ ಬಿಡುತ್ತಾರೆ. ಹೊಸದಾಗಿ ಒಂದು ಮನೆ ಸೇರಿಸುತ್ತೇನೆ ಅಂದರೆ ಇವತ್ತಿನ ನಿಯಮವೇ ಲಾಗು. ಬೆಂಕಿ ತಡೆಯುವ ಗೋಡೆ, ತಪ್ಪಿಸಿಕೊಂಡು ಹೊರಬರುವ ದಾರಿ, ಕಿಟಕಿಯ ಅಳತೆ, ಎಲ್ಲವನ್ನೂ ಕೇಳುತ್ತಾರೆ. ಆ ಮೂರನೇ ಮನೆ ಖಾಲಿಯಾದಾಗ ಅದನ್ನು ಕೆಳಗಿನ ಮನೆಗೇ ಸೇರಿಸಿಬಿಟ್ಟೆ. ಬಾಡಿಗೆ ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೇ ಮಾಡಿದ್ದು.

ಮಾತಾಡಿಸಿದ ಕಂಟ್ರಾಕ್ಟರ್‌ಗಳಲ್ಲಿ ಒಬ್ಬರು, "ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಳ್ಳಿ, ಬೇಗ ಆಗುತ್ತೆ" ಅಂದರು. ಅವರಿಗೆ ಕೆಲಸ ಕೊಡಲಿಲ್ಲ. ಪರ್ಮಿಟ್ ಯಾರ ಹೆಸರಲ್ಲಿದೆಯೋ ಕೆಲಸ ಕೆಟ್ಟರೆ ಉತ್ತರ ಹೇಳಬೇಕಾದವರು ಅವರೇ, ಅಲ್ವಾ? ಭಾರ ಹೊರುವ ಗೋಡೆ ತೆಗೆಯಬೇಕಿದ್ದರಿಂದ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ನಕ್ಷೆ ಕೊಟ್ಟೆ. ವೈರಿಂಗ್, ಪ್ಲಂಬಿಂಗ್‌ಗೆ ಬೇರೆ ಬೇರೆ ಪರ್ಮಿಟ್. ಒಡೆಯುವ ಮೊದಲು ಹಳೇ ನೆಲಹಾಸು, ಪೈಪ್ ಸುತ್ತಿನ ಹೊದಿಕೆಯ ಚೂರುಗಳನ್ನು ಆಸ್ಬೆಸ್ಟಾಸ್ (ಉಸಿರಲ್ಲಿ ಒಳಹೋದರೆ ಅಪಾಯ ಮಾಡುವ ಖನಿಜದ ನಾರು) ಪರೀಕ್ಷೆಗೆ ಕಳಿಸಿದೆ. ಒಡೆದು ದೂಳು ಎದ್ದ ಮೇಲೆ ಪರೀಕ್ಷೆ ಮಾಡಿಸಿ ಏನು ಪ್ರಯೋಜನ?

ನಿಜವಾದ ಪರೀಕ್ಷೆ ಗೋಡೆ ತೆರೆದಿರುವಾಗ ನಡೆಯುತ್ತದೆ. ವೈರು, ಪೈಪು, ಮರದ ಚೌಕಟ್ಟು ಎಲ್ಲ ಕಣ್ಣಿಗೆ ಕಾಣುವಾಗಲೇ ನಗರದ ಇನ್‌ಸ್ಪೆಕ್ಟರ್ ನೋಡಬೇಕು. ಅದಕ್ಕೆ ಮೊದಲೇ ಚೌಕಟ್ಟಿಗೆ ಬೋರ್ಡ್ ಹೊಡೆದು ಮುಚ್ಚಿದರೆ ಕಿತ್ತು ತೋರಿಸಿ ಅನ್ನಬಹುದು. ಕೆಲಸದವರು ಎಷ್ಟೇ ಅವಸರ ಮಾಡಿದರೂ ನಾನು ಬಗ್ಗಲಿಲ್ಲ. ನಮ್ಮ ಇನ್‌ಸ್ಪೆಕ್ಟರ್ ಹೊಸ ವೈರಿಂಗ್ ಮೇಲೆ ಒಮ್ಮೆ ಕಣ್ಣಾಡಿಸಿ ಮುಂದೆ ಹೋದರು. ಅವರು ಟಾರ್ಚ್ ಹಿಡಿದು ನಿಂತಿದ್ದು ಎರಡು ಮನೆಗಳ ನಡುವಿನ ಗೋಡೆಯಲ್ಲಿ ಪೈಪ್ ಹಾಯುವ ತೂತುಗಳ ಹತ್ತಿರ. ಆ ಗೋಡೆಯ ಎರಡೂ ಕಡೆ 16 ಮಿಲಿಮೀಟರ್ ದಪ್ಪದ, ಬೆಂಕಿ ತಡೆಯುವ ಜಿಪ್ಸಮ್ ಬೋರ್ಡ್ ನಕ್ಷೆಯಲ್ಲಿತ್ತು. ಜಿಪ್ಸಮ್‌ನ ತೂಕದಲ್ಲಿ ಸುಮಾರು 20% ನೀರೇ. ಬೆಂಕಿ ತಗುಲಿದಾಗ ಆ ನೀರು ಆವಿಯಾಗಿ ಹೋಗುವವರೆಗೆ ಆಚೆ ಬದಿ ಅಷ್ಟಾಗಿ ಬಿಸಿಯಾಗುವುದಿಲ್ಲ. ಪೈಪ್ ಸುತ್ತ ಒಂದು ಬೆರಳು ತೂರುವಷ್ಟು ಸಂದಿ ಬಿಟ್ಟರೂ ಹೊಗೆ ಅಲ್ಲಿಂದಲೇ ನುಗ್ಗುತ್ತದೆ. ಅದನ್ನು ಬೆಂಕಿ ತಡೆಯುವ ಸೀಲೆಂಟ್‌ನಿಂದಲೇ ತುಂಬಬೇಕು, ಸಾಮಾನ್ಯ ಫೋಮ್ ಸಾಲದು. ಒಪ್ಪಿಗೆ ಸಿಕ್ಕ ಮೇಲೆ ಪ್ರತಿ ಗೋಡೆಗೂ ಅಳತೆ ಟೇಪ್ ಹಿಡಿದು ಫೋಟೋ ತೆಗೆದೆ. ಮುಂದೆ ಮೊಳೆ ಹೊಡೆಯುವಾಗಲೂ ಬೇಕಾಗುತ್ತದೆ.

ಒಂದು ಮೆಟ್ಟಿಲ ಕಂಬಿಯ ಎತ್ತರದ ಬಗ್ಗೆ ಮಾತ್ರ ನನಗೂ ಇನ್‌ಸ್ಪೆಕ್ಟರ್‌ಗೂ ಭಿನ್ನಾಭಿಪ್ರಾಯ ಬಂತು. ವಾದ ಮಾಡಲಿಲ್ಲ. "ಯಾವ ನಿಯಮ ಅಂತ ಹೇಳಿದರೆ ಓದಿಕೊಳ್ತೀನಿ ಸಾರ್" ಅಂದೆ. ಅವರು ಬರೆದುಕೊಟ್ಟರು, ಓದಿದೆ, ಅವರು ಹೇಳಿದ್ದೇ ಸರಿಯಾಗಿತ್ತು.

ಕೊನೇ ಇನ್‌ಸ್ಪೆಕ್ಷನ್ ಬೇಗ ಮುಗಿಯಿತು. ಹೊಗೆ ಅಲಾರಂ ಒಂದನ್ನು ಒತ್ತಿದರೆ ಒಳಗಿನ ಎಲ್ಲವೂ ಕೂಗುತ್ತವಾ ಅಂತ ನೋಡಿದರು, ಅಷ್ಟೇ. ಆದರೆ ಹಿಂದಿನ ಮಾಲೀಕರು ವಾಟರ್ ಹೀಟರ್‌ಗೆ ತೆಗೆದುಕೊಂಡ ಪರ್ಮಿಟ್ ಮುಗಿಯದೆ ಹಾಗೇ ಉಳಿದಿರುವುದು ಹಳೇ ಫೈಲ್‌ನಲ್ಲಿ ಸಿಕ್ಕಿತ್ತು. ಮನೆ ಮಾರುವಾಗ ಇಂಥವೇ ತಲೆನೋವು. ಅದನ್ನೂ ಅದೇ ದಿನ ತೋರಿಸಿ ಮುಗಿಸಿಕೊಂಡೆ.