ಟ್ರೈಕ್‌ಗೆ ಎರಡನೇ ಟ್ಯಾಂಕ್ ಕೂರಿಸಿದ ನನ್ನ ಅನುಭವ

ಪೆಟ್ರೋಲ್ ಮುಗಿದು ಗಾಡಿ ನಿಂತರೆ ಬೇರೆಯವರು ತಳ್ಳಿಕೊಂಡು ಹೋಗುತ್ತಾರೆ, ಇಲ್ಲವೇ ಕ್ಯಾನ್ ಹಿಡಿದು ನಡೆಯುತ್ತಾರೆ. ನನ್ನಿಂದ ಎರಡೂ ಆಗುವುದಿಲ್ಲ. ಮೂರು ವರ್ಷದವನಿದ್ದಾಗ ಪೋಲಿಯೊ ತಗುಲಿ ಎಡಗಾಲಿನ ಬಲ ಹೋಯಿತು. ಅರಸೀಕೆರೆಯಲ್ಲಿ ಓದುವಾಗಲೂ ಹಾಸನದಲ್ಲಿ ಕೆಲಸ ಮಾಡುವಾಗಲೂ ಹಿಂದೆ ಎರಡು ಗಾಲಿ ಜೋಡಿಸಿದ ಸ್ಕೂಟರಿನಲ್ಲೇ ಓಡಾಡಿದವನು ನಾನು. ಈಗ ಇರುವುದು ಅಮೆರಿಕದ ನೆವಾಡ ರಾಜ್ಯದ ರೀನೋ ಊರಿನಲ್ಲಿ. ಓಡಿಸುವುದು ಹೋಂಡಾ ಗೋಲ್ಡ್‌ವಿಂಗ್ ಜಿಎಲ್1800. ಆರು ಸಿಲಿಂಡರಿನ, 1832 ಸಿಸಿ ಬೈಕು. ಹಿಂದಿನ ಒಂದು ಗಾಲಿ ತೆಗೆದು, ಆಕ್ಸಲ್ ಕೂರಿಸಿ, ಎರಡು ಕಾರ್ ಟೈರು ಹಾಕಿಸಿ ಟ್ರೈಕ್ ಮಾಡಿಕೊಂಡಿದ್ದೇನೆ. ಗೇರ್ ಬದಲಿಸುವುದು ಎಡಗಾಲಿನಿಂದಲ್ಲ, ಹ್ಯಾಂಡಲ್ ಮೇಲಿನ ಬಟನ್‌ನಿಂದ. ಎಲ್ಲ ಸೇರಿ ತೂಕ 1,200 ಪೌಂಡಿಗೂ ಮೇಲೆ, ಅಂದರೆ ಐದೂವರೆ ಕ್ವಿಂಟಲ್ ಹತ್ತಿರ. ಅದನ್ನು ಒಂಟಿಯಾಗಿ ತಳ್ಳುವ ಮಾತೇ ಇಲ್ಲ.

ಬೈಕಾಗಿದ್ದಾಗ ಇದೇ ಗಾಡಿ ಗ್ಯಾಲನ್‌ಗೆ 40 ಮೈಲಿ ಕೊಡುತ್ತಿತ್ತು, ನಮ್ಮ ಲೆಕ್ಕದಲ್ಲಿ ಲೀಟರಿಗೆ 17 ಕಿಲೋಮೀಟರ್. ಟ್ರೈಕ್ ಆದ ಮೇಲೆ 32ಕ್ಕೆ ಇಳಿಯಿತು. ತೂಕ ಹೆಚ್ಚಿತು, ಟೈರಿನ ಅಗಲ ಹೆಚ್ಚಿತು, ಗಾಳಿಗೆ ಎದುರಾಗುವ ಮೈ ಹೆಚ್ಚಿತು. ಕಂಪನಿ ಕೊಟ್ಟ ಟ್ಯಾಂಕಿನಲ್ಲಿ ಹಿಡಿಯುವುದು 6.6 ಗ್ಯಾಲನ್, ಅಂದರೆ 25 ಲೀಟರ್. ಲೆಕ್ಕಕ್ಕೆ 211 ಮೈಲಿ. ಎದುರುಗಾಳಿ ಬೀಸಿದ ದಿನ ಮೈಲೇಜ್ 27ಕ್ಕೆ ಬಿದ್ದು, 178ಕ್ಕೇ ಟ್ಯಾಂಕ್ ಒಣಗುತ್ತದೆ. ನೆವಾಡದಲ್ಲಿ ಟೊನೊಪಾದಿಂದ ಈಲಿಗೆ ಹೋಗುವ 6ನೇ ಹೆದ್ದಾರಿಯಲ್ಲಿ 160 ಮೈಲಿಗೂ ಹೆಚ್ಚು ದೂರ ಒಂದು ಬಂಕ್ ಇಲ್ಲ. ನಾನು ಆಸೆಪಟ್ಟು ಹೋಗುವುದು ಇಂಥ ರಸ್ತೆಗಳಿಗೇ. ಬಯಲು, ಬೆಟ್ಟ, ಮತ್ತೆ ಬಯಲು. ಅರ್ಧ ಗಂಟೆಗೊಂದು ಗಾಡಿ ಎದುರಾದರೆ ಹೆಚ್ಚು.

ಇನ್ನೊಂದು ಮಾತೂ ಇದೆ. ಇಲ್ಲಿನ ಬಂಕ್‌ಗಳಲ್ಲಿ ಪೆಟ್ರೋಲನ್ನು ನಾವೇ ಹಾಕಿಕೊಳ್ಳಬೇಕು. ಅಂಗವಿಕಲರು ಕೇಳಿದರೆ ಸಿಬ್ಬಂದಿ ಬಂದು ಹಾಕಿಕೊಡಬೇಕೆಂದು ಕಾನೂನು ಇದೆ, ಆದರೆ ಬಂಕಿನಲ್ಲಿ ಒಬ್ಬರೇ ಇದ್ದರೆ ಅದು ಅನ್ವಯಿಸುವುದಿಲ್ಲ. ಇಂಥ ರಸ್ತೆಯ ಬಂಕ್‌ಗಳಲ್ಲಿ ಇರುವುದೇ ಒಬ್ಬರು. ಹಾಗಾಗಿ ಎಲ್ಲಿ ನಿಲ್ಲಬೇಕು ಅನ್ನುವುದನ್ನು ನಾನು ನಿರ್ಧರಿಸಬೇಕೇ ಹೊರತು ಟ್ಯಾಂಕಿನ ಮುಳ್ಳಲ್ಲ. ಎರಡನೇ ಟ್ಯಾಂಕ್ ಬೇಕು ಅನಿಸಿದ್ದು ಇದಕ್ಕೆ.

ಎಷ್ಟು ದೊಡ್ಡದು ಇರಬೇಕು? ಹನ್ನೊಂದು ದಿನ ನಡೆಯುವ ಐರನ್ ಬಟ್ ಎಂಬ ದೂರದ ಬೈಕ್ ಸವಾರಿಯ ರ‍್ಯಾಲಿಯಲ್ಲಿ ಒಂದು ಗಾಡಿಗೆ ಎಲ್ಲ ಟ್ಯಾಂಕ್ ಸೇರಿ 11.5 ಗ್ಯಾಲನ್ ದಾಟಬಾರದೆಂಬ ನಿಯಮವಿದೆ. ನಾನು ಆ ರ‍್ಯಾಲಿಗೆ ಹೋಗುವವನಲ್ಲ. ಆದರೆ ಸಾವಿರಾರು ಮೈಲಿ ಓಡಿಸಿದವರು ಒಪ್ಪಿ ನಡೆಯುವ ಮಿತಿ ನನಗೂ ಸಾಕು ಅನಿಸಿತು. 4.5 ಗ್ಯಾಲನ್ನಿನ, ಅಂದರೆ 17 ಲೀಟರಿನ ಅಲ್ಯುಮಿನಿಯಂ ಟ್ಯಾಂಕ್ ತರಿಸಿದೆ. ಒಟ್ಟು 11.1. ಪೆಟ್ರೋಲ್ ಗ್ಯಾಲನ್‌ಗೆ ಆರು ಪೌಂಡ್ ತೂಗುವುದರಿಂದ ತುಂಬಿದಾಗ ಬರೀ ಎಣ್ಣೆಯ ಭಾರವೇ 27 ಪೌಂಡ್.

ಆ ಭಾರವನ್ನು ಎಲ್ಲಿ ಇಡುವುದು ಅನ್ನುವುದಕ್ಕೆ ಎರಡು ತಿಂಗಳು ತಲೆ ಕೆಡಿಸಿಕೊಂಡೆ. ಟ್ರೈಕಿನ ಹಿಂದೆ ದೊಡ್ಡ ಡಿಕ್ಕಿ ಇದೆ, ಸುಲಭವಾಗಿ ಕೂರುತ್ತದೆ. ಆದರೆ ಮುಚ್ಚಿದ ಡಿಕ್ಕಿಯೊಳಗೆ ಪೆಟ್ರೋಲ್ ಆವಿ ತುಂಬಿಕೊಂಡರೆ, ಅಲ್ಲೇ ಇರುವ ದೀಪದ ಸ್ವಿಚ್ಚೋ ಚಾರ್ಜಿಂಗ್ ಸಾಕೆಟ್ಟೋ ಒಂದು ಕಿಡಿ ಹಾರಿಸಿದರೆ ಮುಗಿಯಿತು. ಡಿಕ್ಕಿಯ ಹಿಂದೆ ಕಬ್ಬಿಣದ ಚೌಕಟ್ಟು ಹಾಕಿ ಅದರ ಮೇಲೆ ಇಡುವವರಿದ್ದಾರೆ. ಹಿಂದಿನಿಂದ ಕಾರು ಬಂದು ಗುದ್ದಿದರೆ ಮೊದಲು ಒಡೆಯುವುದೇ ಅದು. ಅದೂ ಅಲ್ಲದೆ ಆಕ್ಸಲ್‌ಗಿಂತ ಹಿಂದೆ ಭಾರ ಹಾಕಿದರೆ ತಕ್ಕಡಿಯ ಹಾಗೆ ಮುಂದಿನ ಗಾಲಿ ಹಗುರವಾಗುತ್ತದೆ, ಹ್ಯಾಂಡಲ್ ಹಿಡಿತಕ್ಕೆ ಸಿಗುವುದಿಲ್ಲ. ಕೊನೆಗೆ ಹಿಂದೆ ಕೂರುವವರ ಸೀಟು ತೆಗೆಸಿ ಅಲ್ಲಿ ಕೂರಿಸಿದೆ. ಆಕ್ಸಲ್‌ಗೆ ಮುಂದೆ, ಬಯಲು ಗಾಳಿಯಲ್ಲಿ, ಮುಖ್ಯ ಟ್ಯಾಂಕಿಗಿಂತ ಎತ್ತರದಲ್ಲಿ. ಗೋಲ್ಡ್‌ವಿಂಗ್‌ನ ಅಸಲಿ ಟ್ಯಾಂಕ್ ಇರುವುದು ಸೀಟಿನ ಕೆಳಗೆ, ಹಾಗಾಗಿ ಪಂಪಿಲ್ಲದೆ ಪೆಟ್ರೋಲ್ ತಾನಾಗಿ ಇಳಿಯುತ್ತದೆ. ನನ್ನಾಕೆಗೆ ದೂರದ ಸವಾರಿ ಹಿಡಿಸುವುದಿಲ್ಲ, ಆ ಸೀಟಿಗೆ ಬೇರೆ ವಾರಸುದಾರರು ಇರಲಿಲ್ಲ.

ಒಂದು ಕಷ್ಟ ಹತ್ತುವಾಗ ಗೊತ್ತಾಯಿತು. ಮೊದಲೆಲ್ಲ ಸೀಟಿನ ಹಿಂಭಾಗದ ಮೇಲೆ ಎಡಗಾಲನ್ನು ಜಾರಿಸಿ ಆಚೆ ಹಾಕುತ್ತಿದ್ದೆ. ಈಗ ಅಲ್ಲಿ ಟ್ಯಾಂಕ್. ಬಲಬದಿಯಲ್ಲಿ ನಿಂತು, ಊರುಗೋಲನ್ನು ಕೊಕ್ಕೆಗೆ ಸಿಕ್ಕಿಸಿ, ಎರಡೂ ಕೈಯಲ್ಲಿ ಪ್ಯಾಂಟಿನ ಮೊಣಕಾಲು ಹಿಡಿದು ಕಾಲೆತ್ತಿ ಸೀಟಿನ ಮುಂಭಾಗದಿಂದ ದಾಟಿಸಬೇಕು. ಕಾಲಿಗೆ ಕ್ಯಾಲಿಪರ್, ಅಂದರೆ ಲೋಹದ ಆಸರೆಪಟ್ಟಿ ಹಾಕಿಕೊಳ್ಳುವವರಿಗೆ ಈ ಚಲನೆ ಅರ್ಥವಾಗುತ್ತದೆ. ಟ್ಯಾಂಕ್ ತರಿಸುವ ಮೊದಲು ಅದೇ ಅಳತೆಯ ರಟ್ಟಿನ ಡಬ್ಬ ಕಟ್ಟಿ ಹತ್ತು ಸಲ ಹತ್ತಿ ಇಳಿದು ನೋಡಿ. ನಾನು ನೋಡಿರಲಿಲ್ಲ, ಬ್ರಾಕೆಟ್ ಮತ್ತೆ ಮಾಡಿಸಬೇಕಾಯಿತು.

ಟ್ಯಾಂಕಿನ ಒಳಗೆ ಪೆಟ್ರೋಲ್ ಅಲೆದಾಡದಂತೆ ತಡೆಯುವ ಅಡ್ಡ ತಗಡು ಇರಲೇಬೇಕು. ಬೈಕಿಗಿಂತ ಟ್ರೈಕಿಗೆ ಇದು ಹೆಚ್ಚು ಮುಖ್ಯ. ಬೈಕು ತಿರುವಿನಲ್ಲಿ ವಾಲುತ್ತದೆ. ವಾಲಿದ ಟ್ಯಾಂಕಿನಲ್ಲಿ ಪೆಟ್ರೋಲ್ ತಳಕ್ಕೆ ಒತ್ತಿಕೊಂಡೇ ನಿಂತಿರುತ್ತದೆ. ತುಂಬಿದ ಬಕೆಟನ್ನು ಬೀಸಿ ತಿರುಗಿಸಿದರೆ ನೀರು ಚೆಲ್ಲದ ಹಾಗೆ. ಟ್ರೈಕ್ ವಾಲುವುದಿಲ್ಲ. ಎಡಕ್ಕೆ ತಿರುಗಿದರೆ ಪೆಟ್ರೋಲ್ ಪೂರಾ ಬಲಗೋಡೆಗೆ ನುಗ್ಗಿ ಬಡಿಯುತ್ತದೆ, ಬೆನ್ನ ಹಿಂದೆ ಯಾರೋ ತಳ್ಳಿದ ಹಾಗಾಗುತ್ತದೆ. ಕೆಲವರು ಒಳಗೆ ಸ್ಪಂಜು ತುಂಬಿಸುತ್ತಾರೆ. ಎಥನಾಲ್ ಬೆರೆತ ಪೆಟ್ರೋಲಿಗೆ ಅದು ವರ್ಷಗಳಲ್ಲಿ ಪುಡಿಯಾಗಿ ಫಿಲ್ಟರ್ ಕಟ್ಟಿಸುತ್ತದೆ ಅನ್ನುವ ಭಯಕ್ಕೆ ನಾನು ತೂತಿರುವ ತಗಡು ವೆಲ್ಡ್ ಮಾಡಿದ್ದನ್ನೇ ಆರಿಸಿದೆ.

ಜೋಡಣೆ ಹೀಗಿದೆ. ಟ್ಯಾಂಕಿನ ತಳದಿಂದ ಕಾಲು ಸುತ್ತಿನ ಹಿತ್ತಾಳೆ ವಾಲ್ವ್, ನಂತರ ಲೋಹದ ಮೈಯ ಫಿಲ್ಟರ್, ಅಲ್ಲಿಂದ ಮುಖ್ಯ ಟ್ಯಾಂಕಿನ ಪೆಟ್ರೋಲ್ ತುಂಬುವ ಕೊರಳಿಗೆ ಕೂರಿಸಿದ ನಿಪ್ಪಲ್‌ವರೆಗೆ ಪೈಪು. ಪೈಪಿನ ಮೇಲೆ ಎಸ್‌ಎಇ 30ಆರ್9 ಎಂದು ಅಚ್ಚಾಗಿರುವುದನ್ನೇ ತೆಗೆದುಕೊಳ್ಳಿ, ಅದು ಇಂಜೆಕ್ಷನ್ ಗಾಡಿಗಳ ಪೈಪು, ಎಥನಾಲ್ ತಡೆಯುತ್ತದೆ. ಆ ಕೊರಳಿಗೆ ತೂತು ಕೊರೆಯುವ ಕೆಲಸ ನಾನು ಮಾಡಲಿಲ್ಲ. ಟ್ಯಾಂಕ್ ಪೂರ್ತಿ ಬರಿದು ಮಾಡಿ, ಆವಿ ಹೋಗಿಸಿ, ಲೋಹದ ಚೂರು ಒಳಗೆ ಬೀಳದಂತೆ ಮಾಡಬಲ್ಲ ಮೆಕ್ಯಾನಿಕ್ ಕೈಗೆ ಕೊಟ್ಟೆ. ಟ್ಯಾಂಕ್ ಅದುರದಿರಲಿ ಎಂದು ರಬ್ಬರ್ ಬುಷ್ ಮೇಲೆ ಕೂರಿಸಿದ್ದರಿಂದ ಚಾಸಿಗೂ ಅದಕ್ಕೂ ಲೋಹದ ಸಂಪರ್ಕ ತಪ್ಪಿತ್ತು. ಪೆಟ್ರೋಲ್ ಸುರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿಗೆ ಹೋಗಲು ದಾರಿ ಬೇಕು, ಅದಕ್ಕೆ ಹೆಣೆದ ತಾಮ್ರದ ಪಟ್ಟಿ ಹಾಕಿ ಚಾಸಿಗೆ ಬಿಗಿದೆವು. ಪೆಟ್ರೋಲ್ ಹಾಕುವ ಮೊದಲು ಎಲ್ಲ ಬಾಯಿ ಮುಚ್ಚಿ, ಸ್ವಲ್ಪವೇ ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ನೋಡಿದೆವು. ಫಿಲ್ಟರಿನ ಹತ್ತಿರ ಒಂದು ಕ್ಲಿಪ್ ಸಣ್ಣಗೆ ಗುಳ್ಳೆ ಬಿಡುತ್ತಿತ್ತು. ಅರಸೀಕೆರೆ ಸ್ಟೇಷನ್ ರಸ್ತೆಯಲ್ಲಿ ಪಂಕ್ಚರ್ ಅಂಗಡಿಯವರು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದದ್ದು ಕಣ್ಣಿಗೆ ಬಂತು.

ಈಗ ವಾಲ್ವ್ ತೆರೆಯುವ ಹೊತ್ತಿನ ವಿಷಯ. ಇಲ್ಲೇ ನಾನು ಎರಡು ಸಲ ತಪ್ಪಿದ್ದು.

ನನ್ನ ಲೆಕ್ಕ ಹೀಗಿತ್ತು: 150 ಮೈಲಿ ಓಡಿದರೆ 32ರ ಲೆಕ್ಕದಲ್ಲಿ 4.7 ಗ್ಯಾಲನ್ ಖಾಲಿ. ಮೇಲಿನಿಂದ ಇಳಿಯುವುದು 4.5. ಅಲ್ಲಿಗೆ ವಾಲ್ವ್ ತೆರೆದಿಟ್ಟು ಮರೆತರೂ ಉಕ್ಕುವುದಿಲ್ಲ. ಮೊದಲ ಸವಾರಿ ನೆವಾಡದ 50ನೇ ಹೆದ್ದಾರಿಯಲ್ಲಿ, 1986ರಲ್ಲಿ ಲೈಫ್ ಪತ್ರಿಕೆ ಅಮೆರಿಕದ ಅತ್ಯಂತ ಒಂಟಿ ರಸ್ತೆ ಎಂದು ಕರೆದದ್ದು ಇದನ್ನೇ. ಫ್ಯಾಲನ್‌ನಲ್ಲಿ ಎರಡೂ ಟ್ಯಾಂಕ್ ತುಂಬಿಸಿ ಹೊರಟೆ. ಅಲ್ಲಿಂದ ಆಸ್ಟಿನ್‌ಗೆ 110 ಮೈಲಿ. ಅಂದು ಗಾಳಿ ಬೆನ್ನಿಗೆ ಬೀಸುತ್ತಿತ್ತು, ನಾನೂ ನಿಧಾನಕ್ಕೆ ನೋಡುತ್ತಾ ಹೋಗುತ್ತಿದ್ದೆ. ಆಸ್ಟಿನ್ ದಾಟಿ ಟ್ರಿಪ್ ಮೀಟರ್ 150 ಮುಟ್ಟಿದಾಗ ವಾಲ್ವ್ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ರಸ್ತೆ ಬದಿ ನಿಂತಾಗ ಗಾಢವಾದ ಪೆಟ್ರೋಲ್ ವಾಸನೆ. ಬಗ್ಗಿ ನೋಡಿದರೆ ಮುಖ್ಯ ಟ್ಯಾಂಕಿನ ಗಾಳಿಕೊಳವೆಯಿಂದ ತೊಟ್ಟಿಕ್ಕುತ್ತಿದೆ. ತಕ್ಷಣ ವಾಲ್ವ್ ಮುಚ್ಚಿ, ಎಂಜಿನ್ ಆರಿಸಿ, ಗಾಡಿಯಿಂದ ದೂರ ಹೋಗಿ ಕೂತೆ. ಸೈಲೆನ್ಸರ್ ತಣ್ಣಗಾಗುವವರೆಗೆ ಹತ್ತಿರ ಸುಳಿಯಲಿಲ್ಲ. ಆಮೇಲೆ ಲೆಕ್ಕ ಹಾಕಿದರೆ ಅಂದು ಗಾಡಿ ಗ್ಯಾಲನ್‌ಗೆ 38 ಕೊಟ್ಟಿತ್ತು. 150 ಮೈಲಿಗೆ ನಾಲ್ಕು ಗ್ಯಾಲನ್ನೂ ಖರ್ಚಾಗಿರಲಿಲ್ಲ. ಇಲ್ಲದ ಜಾಗಕ್ಕೆ ನಾನು ಪೆಟ್ರೋಲ್ ಇಳಿಸಿದ್ದೆ. ಅಂದಿನಿಂದ ಮೈಲಿ ನಂಬುವುದು ಬಿಟ್ಟೆ. ಮುಳ್ಳು ಮೂರನೇ ಒಂದು ಭಾಗಕ್ಕಿಂತ ಕೆಳಗೆ ಬಂದರೆ ಮಾತ್ರ ವಾಲ್ವ್‌ಗೆ ಕೈ.

ಎರಡನೆಯದು 6ನೇ ಹೆದ್ದಾರಿಯಲ್ಲಿ ಆಯಿತು. ಟೊನೊಪಾ ಬಿಟ್ಟಾಗಿನಿಂದಲೂ ಎದುರುಗಾಳಿ. ವಾರ್ಮ್ ಸ್ಪ್ರಿಂಗ್ಸ್‌ನ ಪಾಳುಬಿದ್ದ ಕಟ್ಟಡ ದಾಟಿ, ಬಯಲ ಮೇಲೆ ಬಯಲು ಕಳೆದು 120 ಮೈಲಿಗೆ ಮುಳ್ಳು ಮೂರರಲ್ಲೊಂದಕ್ಕೆ ಇಳಿಯಿತು. ವಾಲ್ವ್ ತೆರೆದೆ. ಇಪ್ಪತ್ತು ನಿಮಿಷವಾದರೂ ಮುಳ್ಳು ಏರಲಿಲ್ಲ, ಇಳಿಯುತ್ತಲೇ ಇತ್ತು. ಮೊಬೈಲ್‌ಗೆ ಸಿಗ್ನಲ್ ಇಲ್ಲ, ಮುಂದೆ ಈಲಿಗೆ ಘಾಟಿ ಹತ್ತಬೇಕು. ಬದಿಗೆ ನಿಲ್ಲಿಸಿ ಟ್ಯಾಂಕನ್ನು ತಟ್ಟಿ ನೋಡಿದೆ, ತುಂಬಿದ ಸದ್ದು. ಮೇಲಿನ ಮುಚ್ಚಳ ತಿರುಗಿಸುತ್ತಿದ್ದಂತೆ ‘ಸುಯ್’ ಎಂದು ಗಾಳಿ ಒಳಗೆ ನುಗ್ಗಿತು, ಒಳಸರಿದಿದ್ದ ಪಕ್ಕದ ತಗಡು ‘ಟಂಕ್’ ಎಂದು ನೆಟ್ಟಗಾಯಿತು. ಕಿವಿಯಿಟ್ಟರೆ ಕೆಳಗೆ ಗುಳುಗುಳು ಇಳಿಯುವ ಶಬ್ದ.

ನಮ್ಮಪ್ಪನದು ನ್ಯಾಯಬೆಲೆ ಅಂಗಡಿ. ಎಣ್ಣೆ ಡಬ್ಬ ತೆರೆಯುವಾಗ ಮೊಳೆಯಿಂದ ಒಂದು ಮೂಲೆಗೆ ತೂತು ಹೊಡೆದು, ನನ್ನನ್ನು ಕರೆದು, ‘ಆ ಕಡೆಗೂ ಒಂದು ಹೊಡಿ ಮಗ, ಗಾಳಿ ಹೋಗದೆ ಎಣ್ಣೆ ಹೆಂಗೆ ಬಂದೀತು?’ ಅನ್ನುತ್ತಿದ್ದರು. ಅಂದು ರಸ್ತೆ ಬದಿಯಲ್ಲಿ ನಾನು ಹುಡುಕಿದ್ದು ಆ ಎರಡನೇ ತೂತನ್ನು. ಟೊನೊಪಾದಲ್ಲಿ ಮಳೆಕೋಟಿನ ಚೀಲವನ್ನು ಟ್ಯಾಂಕಿನ ಪಕ್ಕಕ್ಕೆ ಎಲಾಸ್ಟಿಕ್ ಹಗ್ಗದಲ್ಲಿ ಬಿಗಿದಿದ್ದೆ. ಟ್ಯಾಂಕಿನ ಗಾಳಿಕೊಳವೆ ಅದರಡಿ ಸಿಕ್ಕಿ ಚಪ್ಪಟೆಯಾಗಿ ಮಡಚಿಹೋಗಿತ್ತು. ಚೀಲ ಬಿಚ್ಚಿ, ಕೊಳವೆಯನ್ನು ಬೆರಳಿನಿಂದ ಉಜ್ಜಿ ದುಂಡಗೆ ಮಾಡಿ ಹೊರಟೆ. ಈಲಿ ತಲುಪುವಷ್ಟರಲ್ಲಿ ಮುಳ್ಳು ಅರ್ಧದ ಮೇಲಿತ್ತು.

ಊರಿಗೆ ಬಂದ ಮೇಲೆ ಗಾಳಿಕೊಳವೆಯ ದಾರಿಯನ್ನೇ ಬದಲಿಸಿದೆ. ಈಗ ಟ್ಯಾಂಕಿನ ತುದಿಯಿಂದ ಮೊದಲು ಮೇಲಕ್ಕೆ ಹೋಗಿ, ಬಾಗಿ, ಸೈಲೆನ್ಸರ್ ಇಲ್ಲದ ಕಡೆಯಲ್ಲಿ ನೆಲದ ಹತ್ತಿರಕ್ಕೆ ಇಳಿಯುತ್ತದೆ. ಚೀಲ ತಾಗಬಹುದಾದ ಉದ್ದಕ್ಕೂ ರಬ್ಬರ್ ಬದಲು ಲೋಹದ ಕೊಳವೆ. ನಡುವೆ ಗಾಡಿ ಮಗುಚಿದರೆ ತಾನಾಗಿ ಮುಚ್ಚಿಕೊಳ್ಳುವ ವಾಲ್ವ್ ಇದೆ. ಟ್ಯಾಂಕ್ ಕೂರಿಸುವವರು ಯಾರಾದರೂ ಫೋನ್ ಮಾಡಿದರೆ ನಾನು ಟ್ಯಾಂಕಿನ ಬಗ್ಗೆ ಐದು ನಿಮಿಷ ಮಾತಾಡಿ, ಉಳಿದ ಅರ್ಧ ಗಂಟೆ ಈ ಕೊಳವೆಯ ಬಗ್ಗೆಯೇ ಹೇಳುತ್ತೇನೆ.

ತುಂಬಿಸುವಾಗ ಮೊದಲು ವಾಲ್ವ್ ಮುಚ್ಚಿದೆಯೇ ನೋಡಿ, ಮುಖ್ಯ ಟ್ಯಾಂಕ್ ತುಂಬಿಸಿ, ಆಮೇಲೆ ಮೇಲಿನದು. ಅದರಲ್ಲಿ ಒಂದು ಲೀಟರ್ ಜಾಗ ಬಿಡುತ್ತೇನೆ. ಬೆಳಗಿನ ಚಳಿಯಲ್ಲಿ ಕಂಠದವರೆಗೆ ತುಂಬಿದ 17 ಲೀಟರ್, ಮಧ್ಯಾಹ್ನದ ಬಿಸಿಲಿಗೆ ಇಪ್ಪತ್ತು ಡಿಗ್ರಿ ಏರಿದರೆ ಮೂರು ನೂರು ಮಿಲಿಲೀಟರ್‌ಗೂ ಮೇಲೆ ಹಿಗ್ಗುತ್ತದೆ. ಮನೆಗೆ ಬರುವ ಹೊತ್ತಿಗೆ ಮೇಲಿನ ಟ್ಯಾಂಕ್ ಖಾಲಿಯಾಗಿರುವಂತೆ ನೋಡಿಕೊಳ್ಳುತ್ತೇನೆ. ಒಮ್ಮೆ ಅರ್ಧ ತುಂಬಿದ್ದನ್ನು ಗ್ಯಾರೇಜಿನಲ್ಲಿ ಬಿಟ್ಟಾಗ ರಾತ್ರಿ ನನ್ನಾಕೆ ಎದ್ದು ಕೂತು, ‘ರೀ, ಪೆಟ್ರೋಲ್ ವಾಸನೆ ಬರ್ತಿದೆ ಅಲ್ವಾ?’ ಅಂದಳು. ಗ್ಯಾರೇಜಿನಲ್ಲೇ ನೀರು ಕಾಯಿಸುವ ಗ್ಯಾಸ್ ಬಾಯ್ಲರ್ ಇದೆ, ಅದಕ್ಕೊಂದು ಸಣ್ಣ ಜ್ವಾಲೆ ಸದಾ ಉರಿಯುತ್ತಿರುತ್ತದೆ. ಆ ರಾತ್ರಿಯೇ ಟ್ರೈಕನ್ನು ಹೊರಗೆ ತಂದೆ. ಆಮೇಲೆ ಹಾಗೆ ಬಿಟ್ಟಿಲ್ಲ.

ಹಾಸನದ ಗೆಳೆಯನೊಬ್ಬ ತನ್ನ ಸೈಡ್ ವೀಲ್ ಸ್ಕೂಟರಿಗೂ ಹೀಗೊಂದು ಕೂರಿಸಲೇ ಎಂದು ಕೇಳಿದ. ಬೇಡ ಮಾರಾಯ ಅಂದೆ. ಅಲ್ಲಿ ಹತ್ತು ಹದಿನೈದು ಕಿಲೋಮೀಟರಿಗೊಂದು ಬಂಕ್ ಸಿಗುತ್ತದೆ, ಹಾಕಿಕೊಡುವುದಕ್ಕೆ ಹುಡುಗರಿರುತ್ತಾರೆ. ಆ ಸಣ್ಣ ಚಾಸಿಯಲ್ಲಿ ಎಂಜಿನ್ ಬಿಸಿಯಿಂದ ದೂರ ಇಡಲು ಜಾಗವೂ ಇಲ್ಲ. ಮೇಲಾಗಿ ಭಾರತದಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಡಿ ಗಾಡಿಯ ಬದಲಾವಣೆಗೆ ಆರ್‌ಟಿಒ ಬಾಗಿಲಿಗೆ ಹೋಗಲೇಬೇಕು. ನಾನಿಲ್ಲಿ ಕೂಡ ಇನ್ಶೂರೆನ್ಸ್‌ನವರಿಗೆ ಫೋಟೊ ಸಮೇತ ಬರೆದು ತಿಳಿಸಿದ ಮೇಲೆಯೇ ರಸ್ತೆಗೆ ಇಳಿಸಿದ್ದು.

ಪೈಪು, ಕ್ಲಿಪ್ಪು, ಫಿಲ್ಟರ್ ಮೂರನ್ನೂ ಎರಡು ವರ್ಷಕ್ಕೊಮ್ಮೆ ಬದಲಿಸುತ್ತೇನೆ, ನೋಡಲು ಹೊಸದರಂತೆ ಇದ್ದರೂ ಸರಿ. ವಾಲ್ವಿನ ಹಿಡಿಗೆ ಕೆಂಪು ಬಣ್ಣ ಬಳಿದಿದ್ದೇನೆ. ಅಡ್ಡಕ್ಕೆ ಇದ್ದರೆ ಮುಚ್ಚಿದೆ, ಪೈಪಿನ ಉದ್ದಕ್ಕೆ ಇದ್ದರೆ ತೆರೆದಿದೆ. ಕೈಗವಸು ಹಾಕಿಕೊಂಡು, ಹಿಂದೆ ತಿರುಗಿ ನೋಡದೆ, ಬೆರಳು ತಾಗಿಸಿಯೇ ತಿಳಿಯಬಹುದು.