108ಕ್ಕೆ ಕರೆ ಮಾಡಿ, ಫೋನ್ ನೆಲದ ಮೇಲಿಡಿ
ಯಾರಾದರೂ ಕುಸಿದು ಬಿದ್ದು, ಕೂಗಿದರೂ ಎಚ್ಚರವಾಗದೆ, ಉಸಿರು ನಿಂತಿದ್ದರೆ ಅಥವಾ ಬರೀ ಗೊರಗೊರ ಎನ್ನುತ್ತಿದ್ದರೆ 108ಕ್ಕೆ ಕರೆ ಮಾಡಿ, ಫೋನ್ ಸ್ಪೀಕರ್‌ಗೆ ಹಾಕಿ ನೆಲದ ಮೇಲಿಡಿ. ಮಾತಾಡುತ್ತಲೇ ಎರಡೂ ಕೈಯಿಂದ ಎದೆಯ ನಡುವೆ ಒತ್ತಲು ಶುರುಮಾಡಿ: ನಿಮಿಷಕ್ಕೆ 100ರಿಂದ 120 ಸಲ, ಸುಮಾರು 5 ಸೆಂ.ಮೀ. ಆಳ. ಹೃದಯ ನಿಂತರೂ ಹೀಗೆ ಒತ್ತಿದರೆ ಮಿದುಳಿಗೆ ಒಂದಿಷ್ಟು ರಕ್ತ ಹೋಗುತ್ತಿರುತ್ತದೆ. ಮಂಗಳೂರಿನ ನಂತೂರು ಸರ್ಕಲ್ಲಿನ ಟ್ರಾಫಿಕ್ ದಾಟಿ ಆಂಬುಲೆನ್ಸ್ ಬರುವವರೆಗೆ ಸುಮ್ಮನೆ ಕಾಯುವ ಹಾಗಿಲ್ಲ. ಇನ್ನೊಬ್ಬರನ್ನು ಮುಖ್ಯರಸ್ತೆಗೆ ಓಡಿಸಿ, ನಮ್ಮ ಗುಡ್ಡದ ಓಣಿಗಳು ಮ್ಯಾಪಿಗೂ ಅರ್ಥವಾಗುವುದಿಲ್ಲ ಮಾರಾಯ್ರೆ. ಜನರೇಟರ್ ಹೊಗೆ ತುಂಬಿದ ಕೋಣೆಯಾದರೆ ಮೊದಲು ಹೊರಗೆ ಎಳೆಯಿರಿ, ಇಲ್ಲವಾದರೆ ಒತ್ತುವವರೂ ಬೀಳುತ್ತಾರೆ. ನೀರಲ್ಲಿ ಮುಳುಗಿದವರಿಗಾದರೆ ಬರೀ ಒತ್ತುವುದು ಸಾಲದು, ಬಾಯಿಯಿಂದ ಉಸಿರೂ ಕೊಡಬೇಕು.