ಸನ್‌ಸ್ಕ್ರೀನ್ ಹಚ್ಚುವುದಾದರೆ ಎರಡು ಬೆರಳಿನಷ್ಟು ಹಚ್ಚಿ

ಶ್ರೀನಿವಾಸಪುರದಲ್ಲಿ ನನ್ನದು ಮೆಡಿಕಲ್ ಸ್ಟೋರ್. ಬೇಸಿಗೆ ಬಂತೆಂದರೆ ಮಾವಿನ ತೋಟಕ್ಕೆ, ಟೊಮೆಟೊ ಬಿಡಿಸೋಕೆ ಹೋಗುವ ಅಕ್ಕಂದಿರು ಬಂಗು, ಅಂದರೆ ಮುಖದ ಮೇಲಿನ ಕಪ್ಪು ಕಲೆಗೆ ಕ್ರೀಮ್ ಕೇಳಿಕೊಂಡು ಬರುತ್ತಾರೆ. ನಾನು ಮೊದಲು ಕೈಗೆ ಕೊಡುವುದು ಸನ್‌ಸ್ಕ್ರೀನ್. ಬಿಸಿಲು ತಡೆಯದೆ ಬೇರೆ ಏನು ಹಚ್ಚಿದರೂ ಬಂಗು ಮತ್ತೆ ಬರುತ್ತದೆ.

ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಎರಡು ಬಗೆಯ ಕಿರಣಗಳಿವೆ. ಯುವಿಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ. ಯುವಿಎ ಇನ್ನೂ ಆಳಕ್ಕಿಳಿದು ಸುಕ್ಕು, ಕಪ್ಪು ಕಲೆ ತರುತ್ತದೆ. ಮೋಡವಾಗಲಿ ಬಸ್ಸಿನ ಗಾಜಾಗಲಿ ಅದನ್ನು ಪೂರ್ತಿ ತಡೆಯುವುದಿಲ್ಲ. ನಮ್ಮ ಕೋಲಾರದ ಕಡೆ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ. ಎತ್ತರಕ್ಕೆ ಗಾಳಿ ತಂಪಾಗಿದೆ ಅಂತ ಕಿರಣ ಕಡಿಮೆಯಾಗಿರುವುದಿಲ್ಲ. ಸನ್‌ಸ್ಕ್ರೀನಿನಲ್ಲಿರುವ ಜಿಂಕ್ ಆಕ್ಸೈಡ್‌ನಂಥವು ಈ ಕಿರಣಗಳನ್ನು ಚರ್ಮದ ಮೇಲೆಯೇ ಹೀರಿಕೊಳ್ಳುತ್ತವೆ, ಸ್ವಲ್ಪ ಚದುರಿಸುತ್ತವೆ.

ಟ್ಯೂಬಿನ ಮೇಲೆ ಬರೆದಿರುವ ಎಸ್‌ಪಿಎಫ್ ಯುವಿಬಿ ತಡೆಯುವ ಲೆಕ್ಕ. ಎಸ್‌ಪಿಎಫ್ 30 ಯುವಿಬಿಯನ್ನು ಶೇ 97ರಷ್ಟು ತಡೆಯುತ್ತದೆ, 50 ಆದರೆ ಶೇ 98. ಹಾಗಾಗಿ 30 ಇದ್ದರೂ ನಡೆಯುತ್ತದೆ. ಆದರೆ ಅಲ್ಲೇ ಬರೆದಿರುವ ಪಿಎ ಪಕ್ಕದಲ್ಲಿ ಮೂರು ಪ್ಲಸ್ ಗುರುತಾದರೂ ಇರಲಿ, ಯುವಿಎ ತಡೆಯುವ ಲೆಕ್ಕ ಅದು. ಬಂಗು ಇರುವವರು ಐರನ್ ಆಕ್ಸೈಡ್ ಇರುವ ಟಿಂಟೆಡ್ (ಚರ್ಮದ ಬಣ್ಣ ಬೆರೆಸಿದ) ಕ್ರೀಮ್ ತೆಗೆದುಕೊಂಡರೆ ಇನ್ನೂ ಒಳ್ಳೆಯದು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಜಾಸ್ತಿ ಮಾಡುತ್ತದೆ, ಐರನ್ ಆಕ್ಸೈಡ್ ಅದನ್ನೂ ಸ್ವಲ್ಪ ತಡೆಯುತ್ತದೆ.

ಎಡವುವುದು ಅಳತೆಯಲ್ಲಿ. ಕಡಲೆಕಾಳಿನಷ್ಟು ತೆಗೆದು ಮುಖಕ್ಕೆಲ್ಲ ಸವರಿದರೆ ಟ್ಯೂಬಿನ ಮೇಲಿರುವಷ್ಟು ರಕ್ಷಣೆ ಸಿಗುವುದೇ ಇಲ್ಲ. ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಹಿಂಡಿ. ಮುಖ, ಕತ್ತಿಗೆ ಅಷ್ಟು ಬೇಕು. ಒಂದೇ ಸಲ ಬಳಿದರೆ ಬೆಳ್ಳಗೆ ಕಾಣುತ್ತದೆ. ಮೊದಲು ಒಂದು ಗೆರೆ, ಅದು ಹಿಡಿದ ಮೇಲೆ ಇನ್ನೊಂದು. ಟೊಮೆಟೊ ಬಿಡಿಸುವಾಗ ಬಗ್ಗಿಯೇ ಇರುತ್ತೀರಿ, ಬಿಸಿಲು ಬೀಳುವುದು ಕತ್ತಿನ ಹಿಂದೆ, ರವಿಕೆ ಮೇಲಿನ ಬೆನ್ನಿಗೆ ಅಲ್ವಾ? ಅಲ್ಲಿಗೂ, ಕಿವಿ, ಮುಂಗೈ, ಪಾದಕ್ಕೂ ಬೇರೆಯಾಗಿ ತೆಗೆದು ಹಚ್ಚಿ.

ಹೊರಡುವ ಕಾಲು ಗಂಟೆ ಮೊದಲೇ ಹಚ್ಚಿಕೊಳ್ಳಿ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು, ಬೆವರು ಸುರಿದರೆ ಅದಕ್ಕೂ ಮೊದಲೇ. ಟೊಮೆಟೊ ಗಿಡದ ಹಸಿರುಗಪ್ಪು ಜಿಗುಟು ಕೈಗೆ ಮೆತ್ತಿರುತ್ತದೆ, ಸೋಪು ಹಾಕಿ ತೊಳೆದುಕೊಂಡೇ ಮುಖ ಮುಟ್ಟಿ. ತಲೆ ಮೇಲೆ ಸೆರಗೋ ಟವೆಲ್ಲೋ ಇರಲೇಬೇಕು, ಕ್ರೀಮ್ ಒಂದನ್ನೇ ನಂಬಬೇಡಿ. ಆರು ತಿಂಗಳೊಳಗಿನ ಕೂಸಿಗೆ ಮಾತ್ರ ಇದು ಬೇಡ, ನೆರಳು, ಬಟ್ಟೆಯೇ ಸಾಕು. ಟ್ಯೂಬನ್ನು ಬದುವಿನ ಮೇಲೆ ಬಿಸಿಲಿಗೆ ಬಿಟ್ಟರೆ ಕೆಡುತ್ತದೆ. ಊಟದ ಬುತ್ತಿ ಇಟ್ಟ ಚೀಲದಲ್ಲೇ ಇಟ್ಟುಕೊಳ್ಳಿ.